ಪಂಪಿನ ವಿಷಯವಾಗಿ: ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ತಂದೆತಾಯಿಗಳಿಗೆ ಒಂದು ಬಹಿರಂಗ ಪತ್ರ



ಮಧುಮೇಹ ಚಿಕಿತ್ಸಾಲಯಗಳ ಮೊಗಸಾಲೆಯಲ್ಲಿ ಸರದಿ ಕಾಯುತ್ತ ಕುಳಿತಿರುವಾಗ, ನನ್ನ ಸೊಂಟದ ಪಟ್ಟಿಗೆ ಸಿಕ್ಕಿಸಿರುವ ಇನ್ಸುಲಿನ್ ಪಂಪು ಕಣ್ಣಿಗೆ ಬಿದ್ದೊಡನೆ ನಿಮ್ಮಲ್ಲಿ ಬಹುಮಂದಿ ಅನುಕಂಪದಿಂದ ಕೇಳುವ ಪ್ರಶ್ನೆ ಒಂದುಂಟು: "ಪಂಪು ಹಾಕಿಸುವಷ್ಟು ಜೋರಾಗಿಬಿಟ್ಟಿತೆ ನಿಮಗೆ?" ಈ ಪ್ರಶ್ನೆಯೊಳಗೆ ಅಡಗಿರುವ ನಂಬಿಕೆ ಏನೆಂದರೆ, ಮಾತ್ರೆಯಿಂದ ಆಗದವರಿಗೆ ಸೂಜಿ, ಸೂಜಿಯಿಂದಲೂ ಆಗದವರಿಗೆ ಪಂಪು, ಅಲ್ಲಿಂದ ಮುಂದೆ ದಾರಿಯಿಲ್ಲ ಎಂಬುದು. ಈ ನಂಬಿಕೆ ತಪ್ಪೆಂಬುದನ್ನೂ, ಇದರ ದೆಸೆಯಿಂದ ಎಷ್ಟೋ ಮಕ್ಕಳು ತಮಗೆ ದೊರೆಯಬಹುದಾಗಿದ್ದ ನೆಮ್ಮದಿಯ ವರ್ಷಗಳನ್ನು ಕಳೆದುಕೊಳ್ಳುತ್ತಿದ್ದಾರೆಂಬುದನ್ನೂ ನಿಮ್ಮಲ್ಲಿ ಅರಿಕೆ ಮಾಡಿಕೊಳ್ಳುವ ಸಲುವಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ವಯಸ್ಸಿನಲ್ಲಿಯೇ, ನಿಮ್ಮ ಮಕ್ಕಳಿಗಿರುವ ಟೈಪ್ ಒನ್ ಮಧುಮೇಹಕ್ಕೆ ತುತ್ತಾಗಿ, ಅಂದಿನಿಂದ ಇಂದಿನವರೆಗೆ ಹೊರಗಿನ ಇನ್ಸುಲಿನ್ನಿನ ಬಲದಿಂದ ಬದುಕಿಕೊಂಡು ಬಂದವನು. ಬೆಳಗಾಗೆದ್ದು ಗಾಜಿನ ಸಿರಿಂಜನ್ನೂ ಉಕ್ಕಿನ ಸೂಜಿಯನ್ನೂ ಅದಕ್ಕೆಂದೇ ಮೀಸಲಾದ ಪಾತ್ರೆಯಲ್ಲಿ ಕುದಿಸಿ, ಮೊನೆ ಮೊಂಡಾಗಿದ್ದರೆ ಸಾಣೆಕಲ್ಲಿನ ಮೇಲೆ ಮೆಲ್ಲನೆ ಮಸೆದು, ನಮ್ಮ ತಾಯಿ ಚುಚ್ಚುತ್ತಿದ್ದ ಕಾಲ ಅದು. ಬೆನೆಡಿಕ್ಟ್ ದ್ರಾವಣವೆಂಬ ನೀಲಿಯ ನೀರಿಗೆ ಎಂಟು ಹನಿ ಮೂತ್ರವನ್ನು ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ, ಅದು ನೀಲಿಯಾಗಿಯೇ ಉಳಿದರೆ ಶುಭ. ಹಸಿರು, ಹಳದಿ, ಕಿತ್ತಳೆಗಳನ್ನು ದಾಟಿ ಇಟ್ಟಿಗೆಯ ಕೆಂಪಿಗೆ ತಿರುಗಿದರೆ ಮನೆಯವರ ಮುಖವೆಲ್ಲ ಬಾಡುತ್ತಿತ್ತು. ಆ ಬಣ್ಣವಾದರೂ ಹೇಳುತ್ತಿದ್ದುದು ಹಲವು ಗಂಟೆಗಳ ಹಿಂದಿನ ಸಮಾಚಾರವನ್ನೇ ಹೊರತು ಆ ಗಳಿಗೆಯದನ್ನಲ್ಲ. ಬಿಸಾಡುವ ಸಿರಿಂಜು, ಬೆರಳ ತುದಿಯ ಒಂದು ಹನಿ ರಕ್ತದಿಂದ ಶುಗರ್ ತೋರಿಸುವ ಗ್ಲುಕೋಮೀಟರು, ಇನ್ಸುಲಿನ್ ಪೆನ್ನು ಇವೆಲ್ಲವೂ ಒಂದೊಂದಾಗಿ ನನ್ನ ಕಣ್ಣಮುಂದೆಯೇ ಬಂದವು. ಪ್ರತಿಯೊಂದೂ ಬಂದಾಗ ಬಾಳು ಒಂದಷ್ಟು ಹಗುರವಾಯಿತು. ಆದರೆ ಬಾಳಿನ ಕ್ರಮವನ್ನೇ ಬದಲಿಸಿದ್ದು ಪಂಪು. ಅದೇಕೆಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಆರೋಗ್ಯವಂತರ ದೇಹದಲ್ಲಿ ಮೇದೋಜೀರಕ ಗ್ರಂಥಿಯು ಹಗಲಿರುಳೂ, ಉಪವಾಸವಿರುವಾಗಲೂ, ಅತ್ಯಲ್ಪ ಪ್ರಮಾಣದಲ್ಲಿ ಇನ್ಸುಲಿನ್ನನ್ನು ಸ್ರವಿಸುತ್ತಲೇ ಇರುತ್ತದೆ. ಊಟ ಮಾಡಿದಾಗ ಆ ಊಟಕ್ಕೆ ತಕ್ಕಷ್ಟನ್ನು ಒಮ್ಮೆಗೇ ಬಿಡುಗಡೆ ಮಾಡುತ್ತದೆ. ಓಡಿದಾಗ ಕಡಮೆ ಮಾಡುತ್ತದೆ, ಜ್ವರ ಬಂದಾಗ ಹೆಚ್ಚಿಸುತ್ತದೆ. ನಿಮ್ಮ ಮಗುವಿನಲ್ಲಿ ಈ ಕಾರ್ಯವನ್ನು ನಡೆಸಬೇಕಾಗಿದ್ದ ಜೀವಕೋಶಗಳನ್ನು ಅದರದೇ ರೋಗನಿರೋಧಕ ಶಕ್ತಿಯು ನಾಶಪಡಿಸಿದೆ. ಆದುದರಿಂದ ನಾವು ದಿನಕ್ಕೊಮ್ಮೆ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನೂ, ಊಟಕ್ಕೊಮ್ಮೆ ಶೀಘ್ರವಾಗಿ ಕೆಲಸ ಮಾಡುವ ಇನ್ಸುಲಿನ್ನನ್ನೂ ಚುಚ್ಚಿ, ಪ್ರಕೃತಿಯ ಕ್ರಮವನ್ನು ಕೈಲಾದಮಟ್ಟಿಗೆ ಅನುಕರಿಸುತ್ತೇವೆ. ಈ ಅನುಕರಣದ ಮುಖ್ಯ ಕೊರತೆ ಇದು: ಚುಚ್ಚಿದ ಇನ್ಸುಲಿನ್ನನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದು. ರಾತ್ರಿ ಒಂಬತ್ತಕ್ಕೆ ಕೊಟ್ಟ ಹದಿನಾಲ್ಕು ಯೂನಿಟ್ಟು, ಮಗು ಸಂಜೆ ಎರಡು ಗಂಟೆಯ ಕಾಲ ಹೆಚ್ಚಾಗಿ ಆಡಿತ್ತೆಂಬ ಸಂಗತಿ ಹತ್ತು ಗಂಟೆಗೆ ತಿಳಿದರೂ, ಮರುದಿನ ರಾತ್ರಿಯವರೆಗೆ ತನ್ನ ಕೆಲಸವನ್ನು ತಾನು ಮಾಡಿಯೇ ತೀರುತ್ತದೆ. ನಮ್ಮ ಹಳ್ಳಿಗಳ ನೀರಗಂಟಿಯು ಬೆಳೆಯನ್ನು ನೋಡಿ ಕೆರೆಯ ತೂಬನ್ನು ಬೇಕಾದಾಗ ಎತ್ತಿ ಬೇಡವಾದಾಗ ಇಳಿಸುವಂತೆ ಇನ್ಸುಲಿನ್ನನ್ನೂ ನಡೆಸಲು ಸಾಧ್ಯವಾದರೆ ಹೇಗೆ ಎಂಬ ಆಲೋಚನೆಯ ಫಲವೇ ಪಂಪು.

ಅದರ ರಚನೆಯೇನೂ ನಿಗೂಢವಲ್ಲ. ಅಂಗೈಯಲ್ಲಿ ಅಡಗುವ ಒಂದು ಪೆಟ್ಟಿಗೆ. ಅದರೊಳಗೆ ಎರಡು ಮೂರು ದಿನಕ್ಕೆ ಸಾಲುವಷ್ಟು ಶೀಘ್ರ ಇನ್ಸುಲಿನ್ ತುಂಬಿದ ಚಿಕ್ಕ ಕೊಳವೆ. ಅಲ್ಲಿಂದ ಹೊರಟ ಸಣ್ಣ ನಳಿಗೆಯ ತುದಿಯಲ್ಲಿ, ಹೊಟ್ಟೆಯ ಅಥವಾ ತೊಡೆಯ ಚರ್ಮದ ಕೆಳಗೆ ನಿಲ್ಲುವ, ಕ್ಯಾನುಲಾ ಎಂಬ ಮೃದುವಾದ ತೂರುಗೊಳವೆ. ಸೂಜಿ ಇದನ್ನು ಒಳಸೇರಿಸಿ ಹೊರಗೆ ಬಂದುಬಿಡುತ್ತದೆ. ಒಳಗೆ ಸೂಜಿ ಉಳಿಯುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ ಹೊಸದನ್ನು ಹಾಕಬೇಕು. ದಿನಕ್ಕೆ ನಾಲ್ಕರಂತೆ ಮೂರು ದಿನಕ್ಕೆ ಹನ್ನೆರಡು ಸಲ ಚುಚ್ಚಿಸಿಕೊಳ್ಳುತ್ತಿದ್ದ ಮಗುವಿಗೆ ಅಷ್ಟು ಕಾಲಕ್ಕೆ ಒಂದು ಸಲ ಚುಚ್ಚಿದರೆ ಸಾಕೆಂಬುದು ಸಣ್ಣ ಲಾಭವಲ್ಲ. ಆದರೂ ನಾನು ಅದನ್ನು ಮುಖ್ಯ ಲಾಭವೆಂದು ಎಣಿಸಲಾರೆ.

ಮುಖ್ಯ ಲಾಭ ಕಾಣುವುದು ರಾತ್ರಿಯಲ್ಲಿ. ಬೆಳಗಿನ ಜಾವಕ್ಕೆ ದೇಹದಲ್ಲಿ ಬೆಳವಣಿಗೆಯ ಹಾರ್ಮೋನು ಮೊದಲಾದವುಗಳ ಪ್ರಭಾವದಿಂದ ಯಕೃತ್ತು ಸಕ್ಕರೆಯನ್ನು ಹೊರಬಿಡುತ್ತದೆ. ಬೆಳೆಯುವ ಮಕ್ಕಳಲ್ಲಿ ಇದು ವಿಶೇಷವಾಗಿ ಪ್ರಬಲ. ಈ ಏರಿಕೆಯನ್ನು ತಡೆಯಲೆಂದು ರಾತ್ರಿಯ ಇನ್ಸುಲಿನ್ನನ್ನು ಹೆಚ್ಚಿಸಿದರೆ ಎರಡು ಗಂಟೆಗೆ ಶುಗರ್ ಕುಸಿಯುತ್ತದೆ. ಕುಸಿತಕ್ಕೆ ಹೆದರಿ ತಗ್ಗಿಸಿದರೆ ಬೆಳಗ್ಗೆ ಮಗು ೨೮೦ರಲ್ಲಿ ಏಳುತ್ತದೆ. ಈ ಇಕ್ಕಟ್ಟಿನ ನಡುವೆ ಅಲಾರಂ ಇಟ್ಟುಕೊಂಡು ಎದ್ದು, ಟಾರ್ಚಿನ ಬೆಳಕಿನಲ್ಲಿ ನಿದ್ದೆಯ ಮಗುವಿನ ಬೆರಳನ್ನು ಹುಡುಕಿ ಚುಚ್ಚುವ ತಾಯಂದಿರಿಗೆ ನಾನು ಹೊಸದಾಗಿ ಏನನ್ನು ವಿವರಿಸಲಿ? ಪಂಪಿನಲ್ಲಿಯಾದರೋ, ನಡುರಾತ್ರಿಯಿಂದ ಮೂರರವರೆಗೆ ಗಂಟೆಗೆ ೦.೪ ಯೂನಿಟ್ಟು, ನಾಲ್ಕರಿಂದ ಏಳರವರೆಗೆ ೦.೭ ಯೂನಿಟ್ಟು ಎಂದು ಒಂದೊಂದು ಜಾವಕ್ಕೆ ಒಂದೊಂದು ಪ್ರಮಾಣವನ್ನು ವೈದ್ಯರೊಡನೆ ಕುಳಿತು ನಿಗದಿಪಡಿಸಬಹುದು. ಬೇಸಲ್ ಎಂದು ಕರೆಯುವುದು ಇದನ್ನೇ.

ಇದಕ್ಕೆ, ಮೈಗೆ ಅಂಟಿಕೊಂಡು ಶುಗರನ್ನು ಎಡೆಬಿಡದೆ ಅಳೆಯುವ ಸೆನ್ಸರು ಜೊತೆಯಾದ ಮೇಲಂತೂ ರಾತ್ರಿಯ ಸ್ವರೂಪವೇ ಬೇರೆಯಾಗಿದೆ. ಅಮೆರಿಕದಲ್ಲಿ ೨೦೧೬ರಲ್ಲಿ ಮೊದಲು ಅನುಮತಿ ಪಡೆದ, ಈಗ ನಮ್ಮ ದೇಶದಲ್ಲಿಯೂ ದೊರೆಯುವ ಸ್ವಯಂಚಾಲಿತ ಬಗೆಯ ಪಂಪುಗಳು ಐದೈದು ನಿಮಿಷಕ್ಕೊಮ್ಮೆ ಸೆನ್ಸರಿನ ಅಂಕಿಯನ್ನು ಓದಿಕೊಂಡು ಬೇಸಲ್ಲನ್ನು ತಾವೇ ಏರಿಸಿ ಇಳಿಸುತ್ತವೆ. ನನ್ನ ಪಂಪಿನ ಒಂದು ರಾತ್ರಿಯ ರೇಖಾಚಿತ್ರವನ್ನು ನೋಡಿ: ಒಂದೂವರೆಗೆ ೧೧೮, ಅಲ್ಲಿಂದ ರೇಖೆ ಕೆಳಮುಖವಾಗಿ ಎರಡಕ್ಕೆ ೯೨, ಮುಂದಿನ ಅರ್ಧ ಗಂಟೆಯಲ್ಲಿ ೭೦ಕ್ಕಿಂತ ಕೆಳಗಿಳಿಯುವ ಸೂಚನೆಯನ್ನು ಕಂಡೊಡನೆ ಇನ್ಸುಲಿನ್ನಿನ ಹರಿವು ನಿಂತಿದೆ, ಎರಡೂಕಾಲಿಗೆ ೮೧ರಲ್ಲಿ ರೇಖೆ ಚಪ್ಪಟೆಯಾಗಿ, ಮೆಲ್ಲಗೆ ಮೇಲೆದ್ದು, ಮೂರರ ಹೊತ್ತಿಗೆ ನೂರನ್ನು ಮುಟ್ಟಿದೆ, ಹರಿವು ಪುನಃ ಆರಂಭವಾಗಿದೆ. ಮನೆಯಲ್ಲಿ ಯಾರೊಬ್ಬರೂ ಎದ್ದಿರಲಿಲ್ಲ. ಹಿಂದೆ ಇಂತಹದೇ ರಾತ್ರಿಗಳಲ್ಲಿ ಬೆವರಿನಲ್ಲಿ ತೊಯ್ದು, ನಾಲಿಗೆ ತೊದಲುತ್ತಿರುವಾಗ ಮನೆಯವರು ಬಾಯಿಗೆ ಸಕ್ಕರೆಯ ನೀರನ್ನು ಹನಿಸಿದ ನೆನಪುಗಳುಳ್ಳ ನನಗೆ ಆ ಚಿತ್ರದ ಬೆಲೆ ಎಷ್ಟೆಂಬುದನ್ನು ಹೇಳಿ ಮುಗಿಸಲಾಗದು.

ಎಳೆಯ ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತುಂಟು. ಸಾಮಾನ್ಯ ಪೆನ್ನಿನಿಂದ ಒಂದು ಯೂನಿಟ್ಟು, ವಿಶೇಷ ಪೆನ್ನಿನಿಂದ ಅರ್ಧ ಯೂನಿಟ್ಟು, ಇದಕ್ಕಿಂತ ಸೂಕ್ಷ್ಮವಾಗಿ ಅಳೆದುಕೊಡುವುದು ಕಷ್ಟ. ಹತ್ತು ಕಿಲೋ ತೂಕದ ಕೂಸಿಗೆ ಅರ್ಧ ಯೂನಿಟ್ಟಿನ ವ್ಯತ್ಯಾಸವೂ ದೊಡ್ಡದೇ. ಪಂಪುಗಳಾದರೆ ಯೂನಿಟ್ಟಿನ ಇಪ್ಪತ್ತನೆಯ ಒಂದು ಭಾಗವನ್ನು, ಕೆಲವು ನಲವತ್ತನೆಯ ಒಂದು ಭಾಗವನ್ನು ಕೂಡ ಅಳೆದುಕೊಡಬಲ್ಲವು.

ಇನ್ನು ಊಟ. ಪಂಪಿಗೆ ಬದಲಾದವರು ಮೊದಲು ಕಲಿಯಬೇಕಾದುದು ಪಿಷ್ಟದ ಲೆಕ್ಕ. ಮುದ್ದೆಯ ಗಾತ್ರವನ್ನು ಕಂಡು ಅಂದಾಜು ಮಾಡುವುದನ್ನು ಬಿಟ್ಟು, ಅದಕ್ಕೆ ಹಾಕಿದ ಹಿಟ್ಟನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು ಎಪ್ಪತ್ತು ಗ್ರಾಂ ಪಿಷ್ಟವೆಂದರೆ, ಅರವತ್ತು ಗ್ರಾಂ ಹಿಟ್ಟಿನ ಮುದ್ದೆಯಲ್ಲಿ ನಲವತ್ತೆರಡು; ಹತ್ತು ಗ್ರಾಮಿಗೆ ಒಂದು ಯೂನಿಟ್ಟು ಬೇಕಾದ ಮಗುವಿಗೆ ೪.೨ ಯೂನಿಟ್ಟು. ಈ ಲೆಕ್ಕವನ್ನು ಪಂಪು ತಾನೇ ಮಾಡಿ, ಹಿಂದಿನ ಊಟದ ಇನ್ಸುಲಿನ್ ಇನ್ನೂ ಎಷ್ಟು ದೇಹದಲ್ಲಿ ಉಳಿದಿದೆಯೆಂಬುದನ್ನೂ ಕಳೆದು, ಕೊಡಬೇಕಾದ ಪ್ರಮಾಣವನ್ನು ತೋರಿಸುತ್ತದೆ. ನಮ್ಮ ಮದುವೆಯ ಮನೆಗಳನ್ನು ನೆನೆದುಕೊಳ್ಳಿ. ಎಲೆ ಹಾಕುವುದು ಹನ್ನೆರಡಕ್ಕೋ ಎರಡಕ್ಕೋ ಬಲ್ಲವರಿಲ್ಲ. ಎಲೆಗೆ ಏನೇನು ಬಂದೀತೆಂಬುದು ಬಡಿಸುವವರ ಕೈ ನೋಡಿಯೇ ತಿಳಿಯಬೇಕು. ಕೋಸಂಬರಿ, ಅನ್ನಗಳಿಗೆ ಒಮ್ಮೆ, ಬಳಿಕ ಬಂದ ಚಿರೋಟಿಗೆ ಇನ್ನೊಮ್ಮೆ ಎಂದು ಪ್ರತಿ ಸಲವೂ ಸೂಜಿಯನ್ನು ಹೊರತೆಗೆಯುವ ಮಗುವಿಲ್ಲ. ಗುಂಡಿಯೊತ್ತುವುದಾದರೆ ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ. ತುಪ್ಪ ಸುರಿದ ಹೋಳಿಗೆಯ ಸಕ್ಕರೆಯು ಕೊಬ್ಬಿನ ಜೊತೆಗೂಡಿ ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ, ಸಾಧಾರಣ ಪಂಪಿನಲ್ಲಿ ಅದಕ್ಕೆ ಬೇಕಾದ ಇನ್ಸುಲಿನ್ನಿನ ಅರ್ಧವನ್ನು ಈಗ, ಉಳಿದರ್ಧವನ್ನು ಎರಡು ಗಂಟೆಯ ಉದ್ದಕ್ಕೆ ಹರಡಿ ಕೊಡುವ ಅನುಕೂಲವೂ ಉಂಟು. ಇಷ್ಟರಿಂದ ಮಗು ಹಬ್ಬದ ದಿನ ಎಲ್ಲರೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತದೆ. ಬೇರೆ ತಟ್ಟೆಯಲ್ಲಿ ಬೇರೆ ಅಡುಗೆಯನ್ನು ಉಂಡು ಬೆಳೆದವನಾದ ನನಗೆ ಇದು ಔಷಧಶಾಸ್ತ್ರದ ವಿಷಯ ಮಾತ್ರವಾಗಿ ತೋರುವುದಿಲ್ಲ.

ಇವೆಲ್ಲವೂ ಒಬ್ಬನ ಅನುಭವವೆಂದು ನೀವು ಸಂಶಯಪಟ್ಟರೆ ಅದು ನ್ಯಾಯವೇ. ಆದುದರಿಂದ ಪಂಪು ನಡೆದುಬಂದ ದಾರಿಯನ್ನೂ ನಡೆದ ಪರೀಕ್ಷೆಗಳನ್ನೂ ನೋಡೋಣ. ಇನ್ಸುಲಿನ್ನನ್ನು ಟೊರಾಂಟೊ ನಗರದಲ್ಲಿ ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲು ಕೊಟ್ಟ ಬಳಿಕ, ಅದನ್ನು ಎಡೆಬಿಡದೆ ಹರಿಸಬೇಕೆಂಬ ಯತ್ನಕ್ಕೆ ನಾಲ್ಕು ದಶಕ ಹಿಡಿಯಿತು. ೧೯೬೦ರ ದಶಕದ ಆರಂಭದಲ್ಲಿ ಲಾಸ್ ಏಂಜಲೀಸಿನ ಆರ್ನಾಲ್ಡ್ ಕಾಡಿಷ್ ಎಂಬ ವೈದ್ಯರು ರಚಿಸಿದ ಯಂತ್ರವನ್ನು ಬೆನ್ನಿನ ಮೇಲೆ ಹೊರಬೇಕಾಗಿತ್ತು. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ಜಾನ್ ಪಿಕಪ್, ಹ್ಯಾರಿ ಕೀನ್ ಮತ್ತು ಅವರ ಸಂಗಡಿಗರು ಚರ್ಮದಡಿ ನಿರಂತರವಾಗಿ ಇನ್ಸುಲಿನ್ ಕೊಡುವ ಇಂದಿನ ಕ್ರಮವನ್ನು ೧೯೭೮ರಲ್ಲಿ ಪ್ರಕಟಿಸಿದರು. ಅಮೆರಿಕ ಮತ್ತು ಕೆನಡಾಗಳಲ್ಲಿ ೧೯೮೩ರಿಂದ ೧೯೯೩ರವರೆಗೆ ೧,೪೪೧ ಮಂದಿಯ ಮೇಲೆ ನಡೆದ ಮಹಾಪರೀಕ್ಷೆಯಲ್ಲಿ, ಪಂಪಿನಿಂದಾಗಲಿ ದಿನಕ್ಕೆ ಮೂರು ಅಥವಾ ಅದಕ್ಕೂ ಹೆಚ್ಚು ಇಂಜೆಕ್ಷನ್‌ಗಳಿಂದಾಗಲಿ ಶುಗರನ್ನು ಬಿಗಿಯಾಗಿ ಕಾಯ್ದುಕೊಂಡವರಲ್ಲಿ ಕಣ್ಣಿನ ಅಕ್ಷಿಪಟಲದ ರೋಗ ತಲೆದೋರುವ ಸಂಭವ ಶೇಕಡ ೭೬ರಷ್ಟು ಕಡಮೆಯಾಯಿತು. ಅದೇ ಪರೀಕ್ಷೆಯಲ್ಲಿ, ಬಿಗಿ ಹಿಡಿದವರಿಗೆ ತೀವ್ರವಾದ ಶುಗರ್ ಕುಸಿತ ಸುಮಾರು ಮೂರು ಪಟ್ಟು ಹೆಚ್ಚಾಗಿ ಕಂಡುಬಂದಿತು. ಬಿಗಿಯೂ ಇರಬೇಕು, ಕುಸಿತವೂ ಆಗಬಾರದು ಎಂಬ ಆ ಸಮಸ್ಯೆಗೆ ಇಂದು ದೊರೆತಿರುವ ಉತ್ತರಗಳಲ್ಲಿ ಸೆನ್ಸರಿನೊಡನೆ ಕೂಡಿದ ಪಂಪೇ ಶ್ರೇಷ್ಠವೆಂದು ನನ್ನ ನಿಶ್ಚಿತ ಅಭಿಪ್ರಾಯ.

ಆದರೆ ಪಂಪಿನ ಪರವಾಗಿ ವಾದಿಸುವವನು ಅದರ ಮಿತಿಯನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ರಿಪೋಸ್ ಎಂಬ ಅಧ್ಯಯನದಲ್ಲಿ, ಟೈಪ್ ಒನ್ ಇರುವ ವಯಸ್ಕರೆಲ್ಲರಿಗೂ ಆಹಾರದ ಲೆಕ್ಕ ಮತ್ತು ಇನ್ಸುಲಿನ್ನಿನ ಹೊಂದಾಣಿಕೆಯ ಒಂದೇ ಶಿಕ್ಷಣವನ್ನು ಕೊಟ್ಟು, ಕೆಲವರಿಗೆ ಪಂಪನ್ನೂ ಉಳಿದವರಿಗೆ ಇಂಜೆಕ್ಷನ್‌ಗಳನ್ನೂ ಕೊಡಲಾಯಿತು. ಎರಡು ಗುಂಪಿನವರೂ ಸುಧಾರಿಸಿದರು. ಶುಗರಿನ ಸರಾಸರಿಯ ಮಟ್ಟಿಗೆ ಪಂಪಿನಿಂದ ಬಂದ ಹೆಚ್ಚಿನ ಲಾಭ ಅಲ್ಪವೇ ಆಗಿತ್ತು. ಅದು ಸೆನ್ಸರನ್ನು ಓದಿ ತಾನೇ ನಡೆಯುವ ಇಂದಿನ ಪಂಪಲ್ಲವೆಂಬುದು ನಿಜ. ಆದರೂ ಅದರಿಂದ ನಾವು ಗ್ರಹಿಸಬೇಕಾದುದೇನೆಂದರೆ, ಕಲಿಕೆಯಿಲ್ಲದೆ ಕೊಂಡ ಪಂಪು ದುಬಾರಿಯ ಸಿರಿಂಜಾಗಿಯೇ ಉಳಿಯುತ್ತದೆ. ಮಗುವಿಗೆ ಪಂಪು ಕೊಡಿಸಬಲ್ಲ ತಂದೆ, ಪಿಷ್ಟದ ಲೆಕ್ಕ ಕಲಿಯಲು ವಾರದಲ್ಲಿ ಒಂದು ಸಂಜೆಯನ್ನು ಕೊಡಲಾರೆನೆಂದರೆ, ಹಣವನ್ನು ಉಳಿಸಿಕೊಳ್ಳುವುದೇ ಮೇಲು.

ಅಪಾಯಗಳ ವಿಷಯವನ್ನು ತಂದೆತಾಯಿಗಳು ಕಂಠಪಾಠ ಮಾಡಿಕೊಳ್ಳಬೇಕು. ಪಂಪಿನಲ್ಲಿರುವುದು ಶೀಘ್ರ ಇನ್ಸುಲಿನ್ ಮಾತ್ರ. ದೀರ್ಘಕಾಲದ ಇನ್ಸುಲಿನ್ನಿನ ಆಸರೆ ದೇಹದಲ್ಲಿ ಇರುವುದಿಲ್ಲ. ಆದಕಾರಣ ಕ್ಯಾನುಲಾ ಮಡಿಚಿಕೊಂಡರೆ, ನಳಿಗೆಯಲ್ಲಿ ಗಾಳಿ ಸೇರಿದರೆ, ಆಟದಲ್ಲಿ ಕ್ಯಾನುಲಾವನ್ನು ಹಿಡಿದಿಟ್ಟ ಅಂಟುಪಟ್ಟಿ ಕಿತ್ತು ಬಂದರೆ, ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಸೇರತೊಡಗಿ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರುಗಳಿಗೆ ಎಡೆಯಾಗುತ್ತದೆ. ನಿರ್ಲಕ್ಷಿಸಿದರೆ ಪ್ರಾಣಕ್ಕೇ ಅಪಾಯ. ಶುಗರ್ ೨೫೦ನ್ನು ದಾಟಿ, ಪಂಪಿನಿಂದ ಕೊಟ್ಟ ಹೆಚ್ಚುವರಿ ಇನ್ಸುಲಿನ್ನಿಗೂ ಒಂದೆರಡು ಗಂಟೆಯಲ್ಲಿ ಇಳಿಯದಿದ್ದರೆ, ಯಂತ್ರವನ್ನು ನಂಬದೆ ಪೆನ್ನಿನಿಂದ ಇನ್ಸುಲಿನ್ ಚುಚ್ಚಿ, ಕೀಟೋನ್ ಪರೀಕ್ಷಿಸಿ, ಕ್ಯಾನುಲಾವನ್ನೂ ನಳಿಗೆಯನ್ನೂ ಬದಲಿಸಿ, ವೈದ್ಯರಿಗೆ ತಿಳಿಸತಕ್ಕದ್ದು. ಮಗು ಎಲ್ಲಿಗೆ ಹೋದರೂ ಚೀಲದಲ್ಲಿ ಪೆನ್ನೊಂದು ಇರಲೇಬೇಕು.

ನಮ್ಮ ನಾಡಿಗೇ ವಿಶೇಷವಾದ ಎರಡು ಎಚ್ಚರಿಕೆಗಳನ್ನು ಇದಕ್ಕೆ ಸೇರಿಸುತ್ತೇನೆ. ಮೊದಲನೆಯದು ಸೀಸೆಯದು. ನಮ್ಮ ಔಷಧದ ಅಂಗಡಿಗಳಲ್ಲಿ ಮಿಲಿಲೀಟರಿಗೆ ೪೦ ಯೂನಿಟ್ಟಿನ ಸೀಸೆಗಳೂ ೧೦೦ ಯೂನಿಟ್ಟಿನವೂ ಎರಡೂ ದೊರೆಯುತ್ತವೆ. ಪಂಪಿನ ಗಣಿತವೆಲ್ಲ ೧೦೦ರದು. ಅದಕ್ಕೆ ೪೦ರ ಸೀಸೆಯಿಂದ ತುಂಬಿದರೆ ಮಗುವಿಗೆ ಸೇರುವುದು ಹತ್ತರಲ್ಲಿ ನಾಲ್ಕು ಪಾಲು ಮಾತ್ರ. ತುರ್ತಿನಲ್ಲಿ ೧೦೦ರ ಇನ್ಸುಲಿನ್ನನ್ನು ೪೦ರ ಕೆಂಪು ಮುಚ್ಚಳದ ಸಿರಿಂಜಿನಿಂದ ಎಳೆದರೆ ಎರಡೂವರೆ ಪಟ್ಟು ಹೆಚ್ಚಾಗಿ ಸೇರಿ ಅನಾಹುತವಾದೀತು. ಎರಡನೆಯದು ಬಿಸಿಲು. ರಾಯಚೂರು, ಕಲಬುರಗಿಗಳ ಮೇ ತಿಂಗಳಿನಲ್ಲಿ ಹೊರಗಿನ ಉಷ್ಣ ನಲವತ್ತು ಡಿಗ್ರಿಯನ್ನು ದಾಟುವಾಗ ಪೆಟ್ಟಿಗೆಯೊಳಗಿನ ಇನ್ಸುಲಿನ್ ಸತ್ವ ಕಳೆದುಕೊಳ್ಳಬಹುದು. ಅಂತಹ ದಿನಗಳಲ್ಲಿ ಕಡಮೆ ತುಂಬಿ ಬೇಗ ಬದಲಿಸಬೇಕು, ಪಂಪನ್ನು ಬಿಸಿಲಿಗೆ ಬೀಳದಂತೆ ಬಟ್ಟೆಯ ಒಳಗೆ ಇಡಬೇಕು. ಮಂಗಳೂರು, ಉಡುಪಿಗಳ ಕಡೆ ಬೆವರಿಗೆ ಅಂಟುಪಟ್ಟಿ ಏಳುವುದುಂಟು. ಮೇಲೊಂದು ಹೆಚ್ಚುವರಿ ಪಟ್ಟಿಯನ್ನು ಅಂಟಿಸಿದರಾಯಿತು.

ವೆಚ್ಚದ ವಿಷಯ ಕಹಿಯಾದದ್ದು. ಪಂಪಿನ ಬೆಲೆ ಲಕ್ಷಗಳ ಲೆಕ್ಕದಲ್ಲಿದೆ. ಅದರ ಮೇಲೆ ತಿಂಗಳು ತಿಂಗಳೂ ನಳಿಗೆ, ಕ್ಯಾನುಲಾ, ಸೆನ್ಸರುಗಳಿಗಾಗಿ ಸಾವಿರಾರು ರೂಪಾಯಿ. ಕೊಳ್ಳುವ ಮೊದಲು ಈ ತಿಂಗಳ ಖರ್ಚನ್ನೇ ಮುಖ್ಯವಾಗಿ ಕೇಳಿ ತಿಳಿದುಕೊಳ್ಳಿ. ನಳಿಗೆ ಕೊಳ್ಳಲಾಗದೆ ಬೀರುವಿನಲ್ಲಿ ಕುಳಿತ ಪಂಪುಗಳು ಉಂಟು. ಸಾಲ ಮಾಡಿ ಕೊಂಡು ಅರ್ಧಕ್ಕೆ ನಿಲ್ಲಿಸುವುದಕ್ಕಿಂತ, ದಿನಕ್ಕೆ ನಾಲ್ಕು ಇಂಜೆಕ್ಷನ್ನನ್ನು ಲೆಕ್ಕಬದ್ಧವಾಗಿ ಕೊಡುವುದು ಮಗುವಿಗೆ ಹೆಚ್ಚು ಕ್ಷೇಮಕರ, ಅದರಲ್ಲಿ ಯಾವ ಕೀಳರಿಮೆಗೂ ಕಾರಣವಿಲ್ಲ. ಇನ್ಸುಲಿನ್ನನ್ನು ಕಂಡುಹಿಡಿದವರು ಅದರ ಹಕ್ಕನ್ನು ಒಂದು ಡಾಲರಿನ ನಾಮಮಾತ್ರದ ಬೆಲೆಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅಂತಹ ಔದಾರ್ಯದಿಂದ ಲೋಕಕ್ಕೆ ಬಂದ ಔಷಧವನ್ನು ದೇಹಕ್ಕೆ ತಲಪಿಸುವ ಸಾಧನವು ಉಳ್ಳವರ ಮಕ್ಕಳಿಗೆ ಮಾತ್ರ ದಕ್ಕುವುದು ನ್ಯಾಯವಲ್ಲ. ಬಡವರ ಮಕ್ಕಳಿಗೂ ಇದು ದೊರೆಯುವಂತೆ ಸರ್ಕಾರವನ್ನೂ ದಾನಿಗಳನ್ನೂ ಒತ್ತಾಯಿಸುವ ಭಾರ, ಪಂಪು ಪಡೆದಿರುವ ನಮ್ಮೆಲ್ಲರ ಮೇಲೆ ಇದೆ.

ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ನಾಳೆ ಮದುವೆಯ ಪ್ರಸ್ತಾಪ ಬಂದಾಗ ಪಂಪು ಕಣ್ಣಿಗೆ ಬೀಳುವುದಲ್ಲಾ ಎಂಬ ಅಳುಕಿನಿಂದ ನೀವು ಹಿಂಜರಿಯುತ್ತೀರಿ. ಇದನ್ನು ನಿಮ್ಮಲ್ಲಿ ಹಲವರ ಬಾಯಿಂದಲೇ ಕೇಳಿದ್ದೇನೆ. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಹೊಸ ಮನೆಯವರ ಕಣ್ಣು ತಪ್ಪಿಸಿ ಬಚ್ಚಲುಮನೆಯಲ್ಲಿ ಇಂಜೆಕ್ಷನ್ ಚುಚ್ಚಿಕೊಳ್ಳಬೇಕಾದ, ಅವಕಾಶ ಸಿಗದ ದಿನ ಅದನ್ನು ಬಿಟ್ಟೇಬಿಡುವ ಹುಡುಗಿಯ ಪಾಡನ್ನು ಯೋಚಿಸಿ. ಋತುವಿನ ಆರಂಭದಿಂದ ಹುಡುಗಿಯರಿಗೆ ಇನ್ಸುಲಿನ್ನಿನ ಅಗತ್ಯ ಹೆಚ್ಚುತ್ತದೆ, ತಿಂಗಳ ದಿನಗಳನ್ನು ಅನುಸರಿಸಿ ಏರಿಳಿಯುತ್ತದೆ. ಮುಂದೆ ಗರ್ಭಿಣಿಯಾದಾಗ ವಾರವಾರಕ್ಕೂ ಬದಲಾಗುತ್ತದೆ. ಪ್ರಮಾಣವನ್ನು ಗಂಟೆಗಂಟೆಗೆ ತಿದ್ದಬಲ್ಲ ಸಾಧನದಿಂದ ಅತ್ಯಂತ ಹೆಚ್ಚಿನ ಪ್ರಯೋಜನವುಳ್ಳವರು ಯಾರಾದರೂ ಇದ್ದರೆ ಅದು ನಿಮ್ಮ ಹೆಣ್ಣುಮಕ್ಕಳೇ. ಪಂಪನ್ನು ಕಂಡು ಹಿಂದೆ ಸರಿಯುವ ಮನೆಯು, ಆ ಹುಡುಗಿ ಜ್ವರದಿಂದ ಮಲಗಿದ ದಿನ ಅವಳ ಬಳಿ ಕುಳಿತಿರುವ ಮನೆಯಲ್ಲ. ಆ ನಂಟು ತಪ್ಪಿದರೆ ನಷ್ಟವಿಲ್ಲ.

ಕೆಲವು ವೈದ್ಯರು, ಈ ಮನೆಯವರಿಂದ ಇದು ಆದೀತೆ ಎಂಬ ಸಂಕೋಚದಿಂದ, ತಾವಾಗಿ ಪಂಪಿನ ಮಾತನ್ನು ಎತ್ತುವುದಿಲ್ಲ. ಆದುದರಿಂದ ನೀವೇ ಎತ್ತಬೇಕು. ಮುಂದಿನ ಭೇಟಿಗೆ ಮುಂಚೆ ಎರಡು ವಾರ ಮಗುವಿನ ಊಟ, ಇನ್ಸುಲಿನ್, ಆಟಗಳನ್ನೂ, ಬೆಳಗಿನ ಶುಗರನ್ನೂ, ಸಾಧ್ಯವಾದ ರಾತ್ರಿಗಳಲ್ಲಿ ಮೂರು ಗಂಟೆಯ ಶುಗರನ್ನೂ ಬರೆದಿಟ್ಟುಕೊಳ್ಳಿ. ಕೊಳ್ಳುವ ಮೊದಲು ಕೆಲವು ದಿನ ಪರೀಕ್ಷಾರ್ಥವಾಗಿ ಪಂಪನ್ನು ಧರಿಸಿ ನೋಡಲು ಅವಕಾಶವುಂಟೇ ಎಂದು ಕೇಳಿ. ಕೆಟ್ಟುನಿಂತರೆ ರಾತ್ರಿಯ ಹೊತ್ತಿನಲ್ಲಿ ಯಾರು ಕರೆ ಸ್ವೀಕರಿಸುತ್ತಾರೆ, ಬದಲಿ ಪಂಪು ನಿಮ್ಮ ಊರಿಗೆ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಮಗು ತಿಳಿವಳಿಕೆಯ ವಯಸ್ಸಿನದಾದರೆ ಅದನ್ನೂ ಕೂರಿಸಿಕೊಂಡು ಮಾತಾಡಿ. ಹೊರುವುದು ಅದರ ಮೈ, ಒಪ್ಪಿಗೆಯೂ ಅದರದಾಗಬೇಕು. ಇಷ್ಟನ್ನು ಮಾಡಿದ ಮೇಲೆ, ತಿಂಗಳ ಖರ್ಚನ್ನು ನಿಮ್ಮ ಮನೆ ತಾಳಬಲ್ಲುದಾದರೆ, ಕಾಯಿಲೆ ಹೆಚ್ಚಾಗಲಿ ಆಮೇಲೆ ನೋಡೋಣವೆಂದು ದಯವಿಟ್ಟು ತಡಮಾಡಬೇಡಿ.